ಲಾಲ್‌ಬಾಗಿನ ದೇಶಾಂತರದ ಮರಗಳು

ಬೆಂಗಳೂರಿಗೆ ಬಂದವರು ಲಾಲ್‌ಬಾಗನ್ನು ನೋಡದೆ ಹಿಂದಿರುಗುವುದು ಅಪೂರ್ವ. ಪಟ್ಟಣದಲ್ಲಿಯೇ ನೆಲಸಿರುವವರಿಗಾದರೋ ಅದು ದಿನನಿತ್ಯದ ಪರಿಚಯದ ಸ್ಥಳ. ಬೆಳಗಿನ ತಂಪಿನಲ್ಲಿ ಅಲ್ಲಿ ನಡೆದಾಡುವವರುಂಟು. ಸಂಜೆ ಕೆರೆಯ ದಡದಲ್ಲಿ ಕುಳಿತು ಕಾಲ ಕಳೆಯುವವರುಂಟು. ಜನವರಿ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಕ್ಕೆ ಮಕ್ಕಳ ಕೈ ಹಿಡಿದು ಬರುವವರುಂಟು. ಆದರೆ ಕಣ್ಣಿಗೆ ಬಹಳವಾಗಿ ಪರಿಚಿತವಾದ ವಸ್ತುವಿನ ವಿಷಯದಲ್ಲಿ ನಮಗೆ ಪ್ರಶ್ನೆ ಹುಟ್ಟುವುದು ಕಡಮೆ. ಮನೆಗೆ ಅತಿಥಿ ಬಂದರೆ ಕೈಕಾಲಿಗೆ ನೀರು ಕೊಟ್ಟು, ಜಗಲಿಯ ಮೇಲೆ ಕುಳ್ಳಿರಿಸಿ, "ತಮ್ಮದು ಯಾವ ಊರಾಯಿತು? ಯಾವ ದಾರಿಯಾಗಿ ಬಂದಿರಿ? ಯಾರು ಕರೆತಂದರು?" ಎಂದು ವಿಚಾರಿಸುವುದು ನಮ್ಮ ನಾಡಿನ ಮರ್ಯಾದೆ. ಈ ಹೊತ್ತು ನಾವು ಲಾಲ್‌ಬಾಗಿನ ಮರಗಳನ್ನು ಇದೇ ಪ್ರಶ್ನೆ ಕೇಳುತ್ತ ಒಂದು ಸುತ್ತು ಬರೋಣ. ಅವು ಕೊಡುವ ಉತ್ತರದಲ್ಲಿ ನಮ್ಮ ಸಂಸ್ಥಾನದ ಚರಿತ್ರೆಯ ಎಷ್ಟೋ ಪುಟಗಳು ಅಡಗಿರುವುವು.

ಮೊದಲು ನೆಲವನ್ನು ನೋಡೋಣ. ಸಮುದ್ರಮಟ್ಟದಿಂದ ಸುಮಾರು ೩,೦೦೦ ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಹಿಮ ಬಿದ್ದು ಎಳೆಯ ಚಿಗುರನ್ನು ಸುಡುವುದಿಲ್ಲ. ಬೇಸಗೆಯ ಬಿಸಿಲು ಬಯಲುಸೀಮೆಯ ಬೇರೆ ಊರುಗಳಂತೆ ಬೇರನ್ನು ಬೇಯಿಸುವುದೂ ಇಲ್ಲ. ಮುಂಗಾರು ಹಿಂಗಾರುಗಳೆರಡರ ಪಾಲೂ ಈ ಊರಿಗೆ ದೊರೆಯುವುದು. ಆದುದರಿಂದ ಉಷ್ಣವಲಯದ ಗಿಡವೂ ಸಮಶೀತೋಷ್ಣ ದೇಶದ ಗಿಡವೂ ಒಂದೇ ಆವರಣದಲ್ಲಿ ನೆರೆಹೊರೆಯಾಗಿ ಬಾಳುವುದಕ್ಕೆ ಇಲ್ಲಿ ಅವಕಾಶವುಂಟು. ಪರಸ್ಥಳದಿಂದ ಬಂದ ಸಸ್ಯಗಳನ್ನು ಪರೀಕ್ಷಿಸಿ ನೋಡಲು ಇಂಥ ಸ್ಥಳ ಸುಲಭವಾಗಿ ದೊರೆಯತಕ್ಕದ್ದಲ್ಲ. ಇದನ್ನು ಮೊದಲು ಕಂಡುಕೊಂಡವರು ಸಸ್ಯಶಾಸ್ತ್ರಜ್ಞರಲ್ಲ, ಯುದ್ಧದಲ್ಲಿ ಆಯುಷ್ಯವನ್ನು ಕಳೆದ ಇಬ್ಬರು ಅರಸರು.

ಹೈದರಾಲಿಯು ಈ ತೋಟವನ್ನು ೧೭೬೦ರಲ್ಲಿ ಆರಂಭಿಸಿದನು. ಆಗ ಅದರ ವಿಸ್ತೀರ್ಣ ಸುಮಾರು ೪೦ ಎಕರೆ. ಶಿರಾದಲ್ಲಿ ಮೊಗಲ್ ಸುಬೇದಾರರು ಮಾಡಿಸಿದ್ದ ತೋಟಗಳೇ ಅವನಿಗೆ ಮಾದರಿಯಾದುವೆಂದು ಹೇಳುವರು. ಅಕ್ಷರ ಬಾರದ ಆ ವೀರನಿಗೆ ಹೂವು ಹಣ್ಣುಗಳ ವಿಷಯದಲ್ಲಿ ಇಷ್ಟು ಮೋಹವಿದ್ದುದು ಆಶ್ಚರ್ಯವೆಂದು ಕೆಲವರಿಗೆ ತೋರಬಹುದು. ಆದರೆ ಕುದುರೆಯ ಬೆನ್ನಿನ ಮೇಲೆ ದಿನ ಕಳೆಯುವವನಿಗೇ ನೆರಳಿನ ಬೆಲೆ ಚೆನ್ನಾಗಿ ತಿಳಿದಿರುವುದು. ತೋಟಗಾರಿಕೆಯಲ್ಲಿ ಪಳಗಿದ ತಿಗಳರ ಕೈಯಿಂದ ಈ ನೆಲ ಹಸನಾಯಿತು. ಆ ಕೈಗಳ ಒಡೆಯರ ಹೆಸರುಗಳು ನಮಗೆ ಉಳಿದುಬಂದಿಲ್ಲ. ಅವರು ಹಾಕಿದ ಪಾತಿಗಳ ಮೇಲೆ ಬೆಳೆದ ಉದ್ಯಾನವು ಉಳಿದುಬಂದಿರುವುದು.

ಆ ಕಾಲದ ತೋಟ ಹೇಗಿದ್ದಿತೆಂಬುದಕ್ಕೆ ಒಳ್ಳೆಯ ಸಾಕ್ಷಿಯೊಂದುಂಟು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಎಂದರೆ ೧೮೦೦ರಲ್ಲಿ, ಹೊಸದಾಗಿ ಗೆದ್ದ ಸೀಮೆಯ ಸ್ಥಿತಿಗತಿಗಳನ್ನು ಬರೆದು ಒಪ್ಪಿಸುವುದಕ್ಕಾಗಿ ಕಂಪೆನಿಯವರು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳುಹಿಸಿದರು. ಅವನು ಬೆಂಗಳೂರಿನ ಅರಸು ತೋಟಗಳನ್ನು ಸುತ್ತಿ ನೋಡಿದನು. ಚೌಕ ಚೌಕವಾಗಿ ಭಾಗಿಸಿದ ಪಾತಿಗಳು, ನಡುವೆ ಕಾಲುದಾರಿಗಳು, ದಾರಿಯ ಎರಡು ಅಂಚಿನಲ್ಲಿಯೂ ಸೆಟೆದು ನಿಂತ ಸುರಗಿಮರಗಳಂಥ ಸೈಪ್ರೆಸ್ ಸಾಲುಗಳು. ಒಂದೊಂದು ಪಾತಿಯಲ್ಲಿ ಒಂದೊಂದೇ ಜಾತಿಯ ಗಿಡ, ಇಲ್ಲಿ ಗುಲಾಬಿಯಾದರೆ ಅಲ್ಲಿ ದಾಳಿಂಬೆ. ಸೇಬು ಮೊದಲಾದ ತಂಪು ದೇಶದ ಹಣ್ಣುಗಳು ಇಲ್ಲಿ ಬಿಡುತ್ತಿದ್ದುದನ್ನೂ, ಆಫ್ರಿಕ ಖಂಡದ ದಕ್ಷಿಣದ ತುದಿಯಿಂದ ತರಿಸಿದ್ದ ಓಕ್ ಮತ್ತು ಪೈನ್ ಸಸಿಗಳು ನೆಲ ಹಿಡಿದಿದ್ದುದನ್ನೂ ಅವನು ಗಮನಿಸಿದನು. ಹೈದರನ ತೋಟಕ್ಕೆ ಕೆರೆಯ ನೀರು. ಟಿಪ್ಪುವಿನ ತೋಟಕ್ಕೆ ಮೂರು ಬಾವಿಗಳಿಂದ ಕಪಿಲೆಯಲ್ಲಿ ಎತ್ತಿದ ನೀರು. ಕೇಪಿನ ಓಕ್ ಸಸಿಗೆ ಬೆಂಗಳೂರಿನ ಎತ್ತು ಬಾವಿಯಿಂದ ನೀರೆಳೆದು ಹಾಕುತ್ತಿದ್ದ ಆ ಚಿತ್ರವನ್ನು ನಮ್ಮ ಶ್ರೋತೃಗಳು ಒಂದು ಕ್ಷಣ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಲಾಲ್‌ಬಾಗಿನ ಚರಿತ್ರೆಯೆಲ್ಲ ಅದರ ವಿಸ್ತಾರವೇ ಆಗಿರುವುದು.

ಟಿಪ್ಪುಸುಲ್ತಾನನಿಗೆ ಗಿಡಗಳ ಆಸೆ ತಂದೆಗಿಂತ ಒಂದು ಕೈ ಹೆಚ್ಚಾಗಿದ್ದಿತು. ೧೭೮೦ರ ದಶಕದಲ್ಲಿ ಮಸ್ಕತ್ತಿನಲ್ಲಿದ್ದ ತನ್ನ ವ್ಯಾಪಾರದ ಅಧಿಕಾರಿಗೆ ಬರೆದ ಕಾಗದಗಳಲ್ಲಿ ಅವನು ರೇಷ್ಮೆಯ ಹುಳುಗಳನ್ನೂ, ಕೇಸರಿಯ ಬೀಜವನ್ನೂ, ಖರ್ಜೂರದ ಸಸಿಗಳನ್ನೂ ಕಳುಹಿಸಬೇಕೆಂದು ಅಪ್ಪಣೆ ಮಾಡಿದನು. ೧೭೮೮ರಲ್ಲಿ ಅವನ ಮೂವರು ರಾಯಭಾರಿಗಳು ಫ್ರಾನ್ಸ್ ದೇಶಕ್ಕೆ ಹೋಗಿ, ಆಗಸ್ಟ್ ೧೦ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿ ದೊರೆಯನ್ನು ಕಂಡರು. ಅವರು ಕೇಳಿದುದು ಮುಖ್ಯವಾಗಿ ಸೈನ್ಯದ ಸಹಾಯ. ಅದರೊಡನೆ ಕುಶಲಕರ್ಮಿಗಳನ್ನೂ, ತೋಟಗಾರರನ್ನೂ, ಬೀಜ ಸಸಿಗಳನ್ನೂ ಕೇಳಿದರು. ಸೈನ್ಯ ದೊರೆಯಲಿಲ್ಲ, ಕುಶಲಕರ್ಮಿಗಳೂ ತೋಟಗಾರರೂ ಬೀಜಗಳೂ ದೊರೆತುವು. ಮರುವರ್ಷವೇ ಫ್ರಾನ್ಸಿನಲ್ಲಿ ಮಹಾಕ್ರಾಂತಿ ಆರಂಭವಾಯಿತು. ೧೭೯೩ರಲ್ಲಿ ಆ ದೊರೆಯ ತಲೆಯೇ ಉರುಳಿತು. ಮಾರಿಷಸ್ ದ್ವೀಪದಿಂದಲೂ ಟಿಪ್ಪು ಸಸಿಗಳನ್ನು ತರಿಸಿದನು. ಅದೇ ದ್ವೀಪಕ್ಕೆ ೧೭೯೮ರಲ್ಲಿ ಅವನ ದೂತರು ಸೈನಿಕರನ್ನು ಕೇಳಲು ಹೋದಾಗ, ಅಲ್ಲಿಯ ಫ್ರೆಂಚ್ ಅಧಿಕಾರಿಯು ಆ ಗುಟ್ಟನ್ನು ಬಹಿರಂಗವಾಗಿ ಸಾರಿಬಿಟ್ಟನು. ಬಂದ ಸೈನಿಕರು ನೂರರ ಒಳಗೆ. ಆದರೆ ಆ ಸಾರಿಕೆಯ ಕಾಗದವೊಂದೇ ಇಂಗ್ಲಿಷರಿಗೆ ಯುದ್ಧದ ನೆಪವಾಗಿ, ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದು ಸುಲ್ತಾನನು ಮಡಿದನು. ಪರದೇಶಗಳಿಂದ ಅವನು ಬಯಸಿದ ಬಲ ಅವನಿಗೆ ಒದಗಲಿಲ್ಲ. ಬಯಸಿದ ಗಿಡಗಳು ಬಂದು ಬೇರೂರಿದುವು.

ಎಲ್ಲ ತೋಟಗಳಿಗೂ ಈ ಅದೃಷ್ಟವಿರಲಿಲ್ಲ. ಶ್ರೀರಂಗಪಟ್ಟಣದ ದ್ವೀಪದ ಪೂರ್ವದ ಕೊನೆಯಲ್ಲಿಯೂ ಲಾಲ್‌ಬಾಗ್ ಎಂಬ ಹೆಸರಿನ ಅರಸು ತೋಟವೊಂದಿದ್ದಿತು. ೧೭೯೨ರ ಮುತ್ತಿಗೆಯಲ್ಲಿ ಕಾರ್ನ್‌ವಾಲಿಸನ ದಂಡು ಅಲ್ಲಿ ಬೀಡುಬಿಟ್ಟಾಗ, ಕೋಟೆಯ ಕಡೆಗೆ ತೋಡುವ ಕಂದಕಗಳ ಮರೆಗೆ ಸೌದೆಯ ಕಟ್ಟುಗಳೂ ಬುಟ್ಟಿಗಳೂ ಬೇಕಾಗಿ, ಸಾಲು ಸೈಪ್ರೆಸ್ ಮರಗಳನ್ನೂ ಹಣ್ಣಿನ ಮರಗಳನ್ನೂ ಕಡಿದುಹಾಕಿದರು. ತೋಟದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಹಲವು ವರ್ಷ ನೀರು ಹೊಯ್ದು ಸಾಕಿದುದು ಹಲವು ದಿನಗಳಲ್ಲಿ ಹೋಯಿತು. ಬೆಂಗಳೂರಿನ ಲಾಲ್‌ಬಾಗೂ ಹಾಗೆ ಹೋಗಬಹುದಾಗಿದ್ದಿತು. ಹೋಗದೆ ಉಳಿದುದು ಯಾವ ಒಬ್ಬನ ಪುಣ್ಯವೂ ಅಲ್ಲ; ಒಬ್ಬನು ಬಿಟ್ಟಲ್ಲಿಂದ ಮತ್ತೊಬ್ಬನು ಎತ್ತಿಕೊಂಡ ಹಲವರ ಆಸ್ಥೆಯಿಂದ ಅದು ಉಳಿಯಿತು.

ತೋಟವು ಕಂಪೆನಿಯ ಕೈಗೆ ಬಂದ ಮೇಲೆ ಅದರ ಉದ್ದೇಶವೇ ಬದಲಾಯಿತು. ಅರಸನಿಗೆ ತೋಟವೆಂದರೆ ವಿಹಾರ ಮತ್ತು ವೈಭವ. ಕಂಪೆನಿಯವರಿಗೆ ಅದು ಲೆಕ್ಕದ ಪುಸ್ತಕ. ದೇಶದ ನಾನಾ ಭಾಗಗಳಿಂದ ಬರುವ ಉಪಯುಕ್ತ ಸಸ್ಯಗಳಿಗೆ ಇದು ಸಂಗ್ರಹಸ್ಥಾನವಾಗಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಯ ಕಾಲದಲ್ಲಿ ನಿರ್ಣಯವಾಯಿತು. ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞನಿಗೆ ಅದರ ಹೊಣೆ ಬಂದಿತು. ಆಮೇಲೆ ಮೇಜರ್ ವಾ ಎಂಬ ಅಧಿಕಾರಿ ಅದನ್ನು ನೋಡಿಕೊಂಡನು. ೧೮೧೯ರಿಂದ ೧೮೩೧ರವರೆಗೆ ಅದು ಕಲ್ಕತ್ತೆಯ ಸಸ್ಯೋದ್ಯಾನದ ಶಾಖೆಯಾಗಿದ್ದಿತು. ೧೮೩೬ರಲ್ಲಿ ವಿಲಿಯಂ ಮನ್ರೋ ಎಂಬ ಸೈನ್ಯಾಧಿಕಾರಿ ಬೆಂಗಳೂರಿನಲ್ಲಿ ಕೃಷಿ ಮತ್ತು ತೋಟಗಾರಿಕೆಯ ಸಂಘವನ್ನು ಸ್ಥಾಪಿಸಿದನು. ಕಮಿಷನರ್ ಕಬ್ಬನ್ ತೋಟವನ್ನು ಆ ಸಂಘಕ್ಕೆ ಒಪ್ಪಿಸಿದನು. ೧೮೪೨ರಲ್ಲಿ ಸಂಘವೇ ಮುಚ್ಚಿಹೋಯಿತು. ಕೊನೆಗೆ ೧೮೫೬ರಲ್ಲಿ ಇದು ಸರ್ಕಾರದ ಸಸ್ಯೋದ್ಯಾನವೆನಿಸಿ, ೧೮೫೮ರಲ್ಲಿ ಲಂಡನ್ ಬಳಿಯ ಕ್ಯೂ ಉದ್ಯಾನದಲ್ಲಿ ತರಬೇತು ಹೊಂದಿದ ವಿಲಿಯಂ ನ್ಯೂ ಎಂಬುವನು ಅದರ ಮೇಲ್ವಿಚಾರಕನಾಗಿ ಬಂದನು. ಹೀಗೆ ಸುಮಾರು ಅರುವತ್ತು ವರ್ಷ ತೋಟವು ಕೈಯಿಂದ ಕೈಗೆ ದಾಟುತ್ತ, ಒಮ್ಮೆ ಆದರಕ್ಕೂ ಒಮ್ಮೆ ಅನಾದರಕ್ಕೂ ಪಾತ್ರವಾಗುತ್ತ ಬಂದಿತು.

ಈ ನಡುವೆ ಗಿಡಗಳು ಸಮುದ್ರವನ್ನು ದಾಟುವ ಬಗೆಯಲ್ಲಿಯೇ ಒಂದು ದೊಡ್ಡ ಬದಲಾವಣೆಯಾಗಿದ್ದಿತು. ಹಿಂದಿನ ಹಡಗುಗಳಲ್ಲಿ ಸಸಿಗಳನ್ನು ಸಾಗಿಸುವುದು ಬಹು ಕಷ್ಟದ ಕೆಲಸ. ತಿಂಗಳುಗಟ್ಟಲೆ ಪ್ರಯಾಣ, ಮೇಲಿನಿಂದ ಉಪ್ಪುನೀರಿನ ಹನಿ, ಕುಡಿಯುವ ಸಿಹಿನೀರು ನಾವಿಕರಿಗೇ ಸಾಲದಿರುವಾಗ ಗಿಡಕ್ಕೆ ಹಾಕುವವರು ಯಾರು? ಹೊರಟ ಸಸಿಗಳಲ್ಲಿ ಬಹುಪಾಲು ದಾರಿಯಲ್ಲಿಯೇ ಒಣಗುತ್ತಿದ್ದುವು. ೧೮೨೯ರಲ್ಲಿ ಲಂಡನ್ನಿನ ನಥಾನಿಯಲ್ ವಾರ್ಡ್ ಎಂಬ ವೈದ್ಯನು ಪತಂಗದ ಗೂಡೊಂದನ್ನು ಒದ್ದೆಮಣ್ಣಿನ ಮೇಲಿಟ್ಟು ಬಾಯಿ ಮುಚ್ಚಿದ ಸೀಸೆಯಲ್ಲಿ ಇರಿಸಿದ್ದನು. ಪತಂಗಕ್ಕಿಂತ ಮೊದಲು ಆ ಮಣ್ಣಿನಲ್ಲಿ ಹುಲ್ಲೂ ಜರಿಗಿಡವೂ ಮೊಳೆತುವು. ಹಗಲು ಆವಿಯಾಗಿ ಏರಿದ ನೀರು ಗಾಜಿಗೆ ಅಂಟಿ, ತಣ್ಣಗಾಗಿ, ಮತ್ತೆ ಮಣ್ಣಿಗೇ ಇಳಿಯುತ್ತಿದ್ದಿತು. ಹೊರಗಿನಿಂದ ನೀರು ಹಾಕುವ ಪ್ರಮೇಯವೇ ಇರಲಿಲ್ಲ. ಈ ತತ್ತ್ವದ ಮೇಲೆ ಗಾಜಿನ ಪೆಟ್ಟಿಗೆಗಳನ್ನು ಮಾಡಿ ೧೮೩೩ರಲ್ಲಿ ಲಂಡನ್ನಿನಿಂದ ಸಿಡ್ನಿಗೆ ಸಸಿಗಳನ್ನು ಕಳುಹಿಸಿದಾಗ ಅವು ಕ್ಷೇಮವಾಗಿ ತಲಪಿದುವು. ಅಲ್ಲಿಂದ ಮುಂದೆ ಭೂಮಂಡಲದ ಸಸ್ಯಗಳಿಗೆಲ್ಲ ರಹದಾರಿ ದೊರೆತಂತಾಯಿತು. ಚೀಣದ ಚಹ ಹಿಮಾಲಯದ ತಪ್ಪಲಿಗೆ ಬಂದುದೂ ಈ ಪೆಟ್ಟಿಗೆಗಳಲ್ಲಿಯೇ. ಕ್ಯೂ ಉದ್ಯಾನವು ಜೇಡರಬಲೆಯ ನಡುವಿನ ಬಿಂದುವಿನಂತೆ ಕುಳಿತು, ಒಂದು ಖಂಡದ ಸಂಪತ್ತನ್ನು ಮತ್ತೊಂದು ಖಂಡದಲ್ಲಿ ನೆಟ್ಟು ಲಾಭ ಪಡೆಯುವ ಚಕ್ರಾಧಿಪತ್ಯದ ಕೆಲಸವನ್ನು ನಡೆಸಿತು. ಲಾಲ್‌ಬಾಗು ಆ ಬಲೆಯ ಒಂದು ಗಂಟು. ಈ ಮಾತನ್ನು ಮರೆಮಾಡಬೇಕಾಗಿಲ್ಲ. ಮರಗಳ ಸೌಂದರ್ಯವು ಅವುಗಳನ್ನು ತಂದವರ ಉದ್ದೇಶವನ್ನು ಅಳಿಸಲಾರದು, ಆ ಉದ್ದೇಶವು ಮರಗಳ ಸೌಂದರ್ಯವನ್ನೂ ಕೆಡಿಸಲಾರದು.

ಈಗ ತೋಟದೊಳಗೆ ನಡೆದು ಕೆಲವು ಮರಗಳ ಬಳಿ ನಿಲ್ಲೋಣ. ನೆಟ್ಟನೆ ಆಕಾಶಕ್ಕೆ ಏರಿ, ಸುತ್ತಲೂ ಮಟ್ಟಸವಾಗಿ ಸಣ್ಣ ರೆಂಬೆಗಳನ್ನು ಚಾಚಿ, ದೇವಾಲಯದ ದೀಪಸ್ತಂಭದಂತೆ ನಿಂತಿರುವುದು ಅರಕೇರಿಯ. ಅದರ ತೌರು ಆಸ್ಟ್ರೇಲಿಯಕ್ಕೆ ಪೂರ್ವದಲ್ಲಿರುವ ನ್ಯೂ ಕ್ಯಾಲಿಡೋನಿಯ ದ್ವೀಪ. ಅದಕ್ಕೆ ಸಮೀಪದಲ್ಲಿ ಕೊಂಬೆಯಿಂದ ಹಗ್ಗ ಬಿಟ್ಟು ಸೋರೆಕಾಯಿಗಳನ್ನು ಜೋಲಿಸಿದಂತೆ ಕಾಣುವ ಮರವನ್ನು ಮಕ್ಕಳು ನೋಡಿ ನಗುವರು. ಅದು ಆಫ್ರಿಕದ ಕಿಜೀಲಿಯ. ಬೇಸಗೆಯಲ್ಲಿ ಎಲೆಯನ್ನೆಲ್ಲ ಮರೆಸಿ ಬೆಂಕಿ ಹೊತ್ತಿದಂತೆ ಅರಳುವ ಗುಲ್‌ಮೊಹರು ಮಡಗಾಸ್ಕರ್ ದ್ವೀಪದ್ದು. ಹೆಸರು ಮಾತ್ರ ಪಾರಸಿ ನುಡಿಯದು. ಸಂಜೆಯಾಗುತ್ತಲೇ ಎಲೆ ಮಡಚಿ ನಿದ್ದೆ ಹೋಗುವ ಮಳೆಮರವು ಅಮೆರಿಕದ ಉಷ್ಣಪ್ರದೇಶದಿಂದ ಬಂದುದು.

ಆಂಹರ್ಸ್ಟಿಯ ಎಂಬ ಮರದ ಕಥೆ ವಿಶೇಷವಾದುದು. ಕೆಂಪು ಹೂವಿನ ಗೊಂಚಲುಗಳನ್ನು ತೂಗುದೀಪಗಳಂತೆ ಇಳಿಬಿಡುವ ಈ ಮರವನ್ನು ಲೋಕದ ಅತಿ ಸುಂದರ ವೃಕ್ಷಗಳಲ್ಲಿ ಒಂದೆಂದು ಎಣಿಸುವರು. ಬರ್ಮ ದೇಶದ ಮಾರ್ತಬಾನ್ ಸೀಮೆಯ ಒಂದು ಬೌದ್ಧವಿಹಾರದ ಬಳಿ, ಬುದ್ಧನ ಮೂರ್ತಿಗಳಿಗೆ ಇದರ ಹೂವನ್ನು ಅರ್ಪಿಸುತ್ತಿದ್ದ ಎಡೆಯಲ್ಲಿ, ೧೮೨೦ರ ದಶಕದಲ್ಲಿ ಯೂರೋಪಿನವರ ಕಣ್ಣಿಗೆ ಇದು ಬಿದ್ದಿತು. ಕಲ್ಕತ್ತೆಯ ಉದ್ಯಾನದ ಮುಖ್ಯಸ್ಥನಾದ ನಥಾನಿಯಲ್ ವಾಲಿಕ್ ಇದಕ್ಕೆ ಗವರ್ನರ್ ಜನರಲ್ ಆಂಹರ್ಸ್ಟನ ಪತ್ನಿಯ ಹೆಸರನ್ನಿಟ್ಟನು. ಲಾಲ್‌ಬಾಗು ಕಲ್ಕತ್ತೆಯ ಶಾಖೆಯಾಗಿದ್ದುದೂ ಅದೇ ವಾಲಿಕನ ಆಡಳಿತದಲ್ಲಿಯೇ. ವಿಹಾರದ ಭಿಕ್ಷುಗಳು ಅದನ್ನು ಮೊದಲೇ ಬಲ್ಲವರು. ಶಾಸ್ತ್ರದ ಹೆಸರಿನಲ್ಲಿ ಅವರ ಸುಳಿವೂ ಉಳಿಯಲಿಲ್ಲ.

ಇದಕ್ಕೆ ಪ್ರತಿಯಾದ ಕಥೆ ನಾಗಲಿಂಗದ್ದು. ಬುಡದಿಂದಲೇ ಕಾಂಡದ ಮೇಲೆ ಹೂ ಬಿಟ್ಟು, ಫಿರಂಗಿಯ ಗುಂಡಿನಂಥ ಕಾಯನ್ನು ಹೊರುವ ಈ ಮರ ದಕ್ಷಿಣ ಅಮೆರಿಕದ ಕಾಡಿನದು. ಫ್ರೆಂಚ್ ಸಸ್ಯಶಾಸ್ತ್ರಜ್ಞನೊಬ್ಬನು ಗಯಾನದಲ್ಲಿ ಕಂಡು ೧೭೭೫ರಲ್ಲಿ ಅದನ್ನು ವರ್ಣಿಸಿದನು. ಯೂರೋಪಿನವನು ಕಾಯನ್ನು ನೋಡಿ ತೋಪಿನ ಗುಂಡೆಂದನು. ನಮ್ಮ ಜನರು ಹೂವನ್ನು ನೋಡಿದರು. ಒಳಗೆ ಲಿಂಗದಂಥ ಪೀಠ, ಅದರ ಮೇಲೆ ಬಾಗಿದ ಕೇಸರಗಳ ಹೆಡೆ. ಅದು ನಾಗಲಿಂಗ ಪುಷ್ಪವಾಯಿತು, ಶಿವನ ಗುಡಿಗಳ ಅಂಗಳದಲ್ಲಿ ನೆಟ್ಟರು, ಪೂಜೆಗೆ ಏರಿಸಿದರು. ಅಮೆಜಾನಿನ ಕಾಡಿನಿಂದ ಬಂದ ಈ ಹೂವು ಇಂದು ಶಿವನ ತಲೆಯ ಮೇಲೆ ಇರುವಾಗ, ಅದರ ಕುಲಗೋತ್ರಗಳನ್ನು ಕೇಳುವ ಅರ್ಚಕರು ಯಾರೂ ಇಲ್ಲ. ಕೇಳಬೇಕಾಗಿಯೂ ಇಲ್ಲ.

೧೮೭೪ರಿಂದ ೧೯೦೮ರವರೆಗೆ ಜಾನ್ ಕ್ಯಾಮೆರನ್ ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದನು. ಅವನು ಬಂದಾಗ ೪೫ ಎಕರೆಯಿದ್ದ ತೋಟ ಅವನ ಕಾಲದಲ್ಲಿ ಹಲವು ಪಾಲು ಬೆಳೆಯಿತು. ೧೮೮೧ರಲ್ಲಿ ರಾಜ್ಯವು ಮರಳಿ ಒಡೆಯರ ಮನೆತನಕ್ಕೆ ಬಂದಿದ್ದಿತು. ಚಾಮರಾಜೇಂದ್ರ ಒಡೆಯರ ಆಳಿಕೆಯಲ್ಲಿ, ೧೮೮೯ರ ನವೆಂಬರ್ ೩೦ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನ ಮನೆಗೆ ಅಸ್ತಿಭಾರವಿಟ್ಟನು. ಅದರ ಕಬ್ಬಿಣದ ಭಾಗಗಳು ಗ್ಲಾಸ್ಗೋ ನಗರದಿಂದ ಬಂದುವು. ಆದರೆ ಕ್ಯಾಮೆರನ್ ತಂದುದರಲ್ಲಿ ಹೆಚ್ಚು ದೂರ ಹಬ್ಬಿದುದು ಕಬ್ಬಿಣವೂ ಅಲ್ಲ, ಗಾಜೂ ಅಲ್ಲ, ಒಂದು ಬಳ್ಳಿ. ಮೆಕ್ಸಿಕೋ ದೇಶದ ಮೂಲದ ಈ ಬಳ್ಳಿಯ ಕಾಯನ್ನು ನಾವು ಸೀಮೆ ಬದನೆಕಾಯಿ ಎನ್ನುತ್ತೇವೆ. ಕನ್ನಡದಲ್ಲಿ ಹೊರದೇಶದಿಂದ ಬಂದುದಕ್ಕೆಲ್ಲ ಸೀಮೆ ಎಂಬ ಮುದ್ರೆ ಬೀಳುವುದುಂಟು: ಸೀಮೆಸುಣ್ಣ, ಸೀಮೆಎಣ್ಣೆ, ಸೀಮೆ ಹುಣಸೆ. ಆದರೆ ನಮ್ಮ ನೆರೆಯ ತಮಿಳರೂ ತೆಲುಗರೂ ಇದೇ ಕಾಯನ್ನು ಬೆಂಗಳೂರು ಬದನೆ ಎಂದು ಕರೆಯುವರು! ನಾವು ಪರದೇಶಿಯೆಂದುದನ್ನು ಅವರು ನಮ್ಮ ಊರಿನದೆಂದರು. ಇಬ್ಬರ ಮಾತೂ ನಿಜ.

ಇದೊಂದು ಹಾಸ್ಯದ ಸಂಗತಿಯಷ್ಟೇ ಅಲ್ಲ. ಸೀಮೆ ಹುಣಸೆಯ ಮಾತನ್ನು ತೆಗೆದುಕೊಳ್ಳೋಣ. ಅದು ಅಮೆರಿಕದಿಂದ ಬಂದ ಮರವಾದುದರಿಂದ ಸೀಮೆಯದಾಯಿತು. ನಮ್ಮ ಸಾರಿನ ಹುಣಸೆ ಸ್ವದೇಶದ್ದೆನಿಸಿತು. ಆದರೆ ಸಸ್ಯಶಾಸ್ತ್ರಜ್ಞರು ಹೇಳುವಂತೆ ಹುಣಸೆಯ ಮೂಲಸ್ಥಾನ ಆಫ್ರಿಕ ಖಂಡ. ಪುರಾತನ ಕಾಲದಲ್ಲಿಯೇ ಇಲ್ಲಿಗೆ ಬಂದು ನಮ್ಮದಾದ ಅದನ್ನು ಅರಬ್ಬರು ಹಿಂದೂದೇಶದ ಖರ್ಜೂರವೆಂದು ಕರೆದರು. ಶಾಸ್ತ್ರದ ಹೆಸರಿನಲ್ಲಿಯೂ ಇಂಡಿಯದ ಗುರುತೇ ನಿಂತಿತು. ಪರಂಗಿಯ ಹಣ್ಣಿನ ಹೆಸರಿನಲ್ಲಿಯೇ ಪರಂಗಿಯವನಿದ್ದಾನೆ. ಆಸ್ಟ್ರೇಲಿಯದ ಯೂಕಲಿಪ್ಟಸ್ಸು ನಮ್ಮ ನೆರೆಯ ಬೆಟ್ಟದ ಹೆಸರನ್ನು ಹೊತ್ತು ನೀಲಗಿರಿ ಮರವಾಗಿದೆ. ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಕಾಲದಲ್ಲಿ ಬಂದುದು. ಅದಿಲ್ಲದ ಅಡಿಗೆಯನ್ನು ನಮ್ಮ ಅಜ್ಜಿಯರು ಊಹಿಸಿಕೊಂಡೂ ಇರಲಾರರು. ಹೀಗಿರಲು, ನಮ್ಮದು ಯಾವುದು, ಪರರದು ಯಾವುದು ಎಂಬ ಗೆರೆಯನ್ನು ಎಳೆಯಲು ಹೊರಟವನು ಯಾವ ಶತಮಾನದಲ್ಲಿ ನಿಂತು ಎಳೆಯಬೇಕು?

ಆದರೆ ಬಂದುದೆಲ್ಲ ಒಳ್ಳೆಯದೆಂದು ಹೇಳಿಬಿಡುವುದೂ ಅರ್ಧ ಸತ್ಯವೇ. ತೋಟದ ಬಾಗಿಲು ಎರಡು ಕಡೆಗೂ ತೆರೆಯುವುದು. ಲಂಟಾನವೆಂಬ ಅಮೆರಿಕದ ಪೊದೆಯನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅದರ ಬಣ್ಣಬಣ್ಣದ ಹೂವಿಗಾಗಿ ಕಲ್ಕತ್ತೆಯ ಉದ್ಯಾನಕ್ಕೆ ತಂದರು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ಬೇಲಿಯಾಚೆಗೆ ಹೊತ್ತುವು. ಇಂದು ಬಂಡೀಪುರದಲ್ಲಿಯೂ ಮಲೆಮಹದೇಶ್ವರನ ಬೆಟ್ಟದ ಕಾಡುಗಳಲ್ಲಿಯೂ ಅದು ನೆಲವನ್ನೆಲ್ಲ ಆವರಿಸಿ, ಹುಲ್ಲನ್ನು ಮುಚ್ಚಿ, ಜಿಂಕೆಗೂ ಆನೆಗೂ ಮೇವಿಲ್ಲದಂತೆ ಮಾಡಿದೆ. ಆ ಬೆಟ್ಟದ ಸೋಲಿಗರು ಅದರ ಬರಲಿನಿಂದ ಕುರ್ಚಿ ಬುಟ್ಟಿಗಳನ್ನು ಹೆಣೆದು, ಶಾಪದಿಂದ ಸ್ವಲ್ಪ ಜೀವನೋಪಾಯವನ್ನು ಹಿಂಡಿಕೊಂಡಿದ್ದಾರೆ. ನೀಲಗಿರಿ ಮರವನ್ನು ಸುಮಾರು ೧೭೯೦ರಲ್ಲಿ ಟಿಪ್ಪುವೇ ನಂದಿಬೆಟ್ಟದಲ್ಲಿ ನೆಡಿಸಿದನೆಂಬುದು ಪ್ರಸಿದ್ಧ. ಬೆಟ್ಟದ ಮೇಲೆ ಕೆಲವು ಮರಗಳಿದ್ದಾಗ ಅದು ಕೌತುಕದ ವಸ್ತು. ಇಪ್ಪತ್ತನೆಯ ಶತಮಾನದಲ್ಲಿ ಕೋಲಾರ ಬೆಂಗಳೂರು ಸೀಮೆಗಳ ಹೊಲಹೊಲಗಳಲ್ಲಿ ಅದನ್ನೇ ನೆಟ್ಟಾಗ, ರಾಗಿಯ ಹೊಲಗಳು ಕಣ್ಮರೆಯಾಗಿ ಅಂತರ್ಜಲದ ದೂರು ಎದ್ದಿತು. ೨೦೧೭ರಲ್ಲಿ ಕರ್ನಾಟಕ ಸರ್ಕಾರದವರು ಹೊಸದಾಗಿ ನೆಡುವುದನ್ನು ನಿಷೇಧಿಸಿದರು. ಒಂದೇ ಬಗೆಯ ಹೊರಗಿನ ಗಿಡವು ಉದ್ಯಾನದಲ್ಲಿ ಅತಿಥಿ, ಕಾಡಿನಲ್ಲಿ ಆಕ್ರಮಣಗಾರ. ತೋಟಗಾರನ ಕಣ್ಣು ಒಂದರ ಮೇಲೆ ಉಂಟು, ಮತ್ತೊಂದರ ಮೇಲೆ ಇಲ್ಲ ಎಂಬುದರಲ್ಲಿಯೇ ಬಹುಪಾಲು ವ್ಯತ್ಯಾಸವಿರುವುದು.

ಆದುದರಿಂದ ನಾವು ಮರಗಳಿಗೆ ಹಾಕಬೇಕಾದ ಪ್ರಶ್ನೆ ಎರಡು. ಎಲ್ಲಿಂದ ಬಂದೆ ಎಂಬುದು ಮೊದಲನೆಯದು. ಬಂದ ಮೇಲೆ ನೆರೆಯವರೊಡನೆ ಹೇಗೆ ಬಾಳಿದೆ ಎಂಬುದು ಎರಡನೆಯದು. ಎರಡನೆಯದೇ ತೂಕದ ಪ್ರಶ್ನೆ. ಅದಕ್ಕೆ ಉತ್ತರ ಕೊಡಬೇಕಾದುದು ಮರವೊಂದೇ ಅಲ್ಲ, ಅದನ್ನು ನೆಟ್ಟವನೂ ಕೊಡಬೇಕು.

ಮನುಷ್ಯರಲ್ಲಿಯೂ ಈ ಮಾತಿಗೆ ಲಾಲ್‌ಬಾಗು ಉದಾಹರಣೆ ಕೊಡುವುದು. ಕ್ಯಾಮೆರನ್ನನ ತರುವಾಯ ೧೯೦೮ರಲ್ಲಿ ಬಂದ ಕೃಂಬಿಗಲ್ ಜರ್ಮನಿಯವರು. ಡ್ರೆಸ್ಡನ್ ನಗರದ ಸಮೀಪದಲ್ಲಿ ಹುಟ್ಟಿ, ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡ ಸಂಸ್ಥಾನದಲ್ಲಿ ಸೇವೆ ಸಲ್ಲಿಸಿ, ಮೈಸೂರಿಗೆ ಬಂದರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಜಾತಿಯ ಹೂ ಮುಗಿಯುವ ಹೊತ್ತಿಗೆ ಮತ್ತೊಂದು ಜಾತಿ ಅರಳುವಂತೆ ಮರಗಳನ್ನು ಜೋಡಿಸಬೇಕೆಂಬ ಯೋಜನೆ ಅವರದು. ವರ್ಷದ ಆದಿಯಲ್ಲಿ ನಸುಗೆಂಪಿನ ಟಬೆಬೂಯ, ಬಳಿಕ ನೀಲಿಯ ಜಕರಂದ, ಅನಂತರ ಗುಲ್‌ಮೊಹರು ಎಂದು ಪಟ್ಟಣವು ಬಣ್ಣದ ಸೀರೆಗಳನ್ನು ಬದಲಾಯಿಸುತ್ತಿರುವುದನ್ನು ಇಂದಿಗೂ ಕಾಣಬಹುದು. ಕೃಂಬಿಗಲ್ಲರು ೧೯೫೬ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡು ಈ ಊರಿನ ಮಣ್ಣಿನಲ್ಲಿಯೇ ಸಮಾಧಿ ಹೊಂದಿದರು; ಲಾಲ್‌ಬಾಗಿನ ಪಕ್ಕದ ರಸ್ತೆಯೊಂದು ಅವರ ಹೆಸರನ್ನು ಹೊತ್ತಿದೆ. ಅವರ ಕೈಯಿಂದ ಹೊಣೆಯನ್ನು ವಹಿಸಿಕೊಂಡವರು ನಮ್ಮ ನಾಡಿನವರೇ ಆದ ಎಚ್. ಸಿ. ಜವರಾಯರು. ೧೯೫೧ರಿಂದ ಎಂ. ಎಚ್. ಮರಿಗೌಡರು ಅದನ್ನು ಮುಂದುವರಿಸಿ, ತೋಟಗಾರಿಕೆಯನ್ನು ಅರಸರ ಉದ್ಯಾನದಿಂದ ರೈತರ ಹೊಲಕ್ಕೆ ಒಯ್ದರು. ಇಂದು ತೋಟದ ವಿಸ್ತೀರ್ಣ ೨೪೦ ಎಕರೆ. ಅದರಲ್ಲಿ ಸಾವಿರಕ್ಕೆ ಮೇಲ್ಪಟ್ಟ ಜಾತಿಗಳ ಸಸ್ಯಗಳಿವೆ.

ಹೈದರ್ ಹೋದನು, ಟಿಪ್ಪು ಹೋದನು, ಕಂಪೆನಿ ಹೋಯಿತು, ಕಮಿಷನರುಗಳು ಹೋದರು, ಅರಸರ ಆಳಿಕೆಯೂ ಮುಗಿಯಿತು, ಪ್ರಜೆಗಳ ರಾಜ್ಯ ಬಂದಿತು. ಒಂದೊಂದು ಸಲ ಧ್ವಜ ಬದಲಾದಾಗಲೂ ಮರುದಿನ ಬೆಳಗ್ಗೆ ಯಾರೋ ಒಬ್ಬನು ಎದ್ದು ಬಂದು ಪಾತಿಗೆ ನೀರು ಬಿಟ್ಟಿರಬೇಕು. ಬಿಡದೆ ಹೋಗಿದ್ದರೆ ಇಂದು ಈ ಮರಗಳಿರುತ್ತಿರಲಿಲ್ಲ. ಒಪ್ಪಂದಗಳಿಗೆ ಸಹಿ ಹಾಕಿದವರ ಹೆಸರು ಗ್ರಂಥಗಳಲ್ಲಿ ಇರುವುದು. ನೀರು ಬಿಟ್ಟವನ ಸಹಿ ಮರದಲ್ಲಿ ಇರುವುದು.

ತೋಟದ ಬಂಡೆಯ ಮೇಲೆ ಕೆಂಪೇಗೌಡರ ಗೋಪುರವಿದೆ. ಜನರು ಗೋಪುರವನ್ನು ನೋಡುವರು. ಬಂಡೆಯನ್ನು ಮೆಟ್ಟಿಕೊಂಡು ಹೋಗುವರು. ಭೂಗರ್ಭಶಾಸ್ತ್ರಜ್ಞರ ಎಣಿಕೆಯಂತೆ ಆ ಬಂಡೆಗೆ ಸುಮಾರು ೩೦೦ ಕೋಟಿ ವರ್ಷ ವಯಸ್ಸು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿದೆ. ಆ ಬಂಡೆಯ ಕಣ್ಣಿಗೆ ಸ್ವದೇಶ ಪರದೇಶಗಳ ಮಾತು ಹೇಗೆ ತೋರೀತು? ಹತ್ತು ಕೋಟಿ ವರ್ಷಗಳಿಗೂ ಹಿಂದೆ ಭಾರತ, ಆಫ್ರಿಕ, ಆಸ್ಟ್ರೇಲಿಯ, ದಕ್ಷಿಣ ಅಮೆರಿಕಗಳೆಲ್ಲ ಒಂದೇ ಮಹಾಖಂಡವಾಗಿ ಕೂಡಿಕೊಂಡಿದ್ದುವು. ನಾವು ನ್ಯೂ ಕ್ಯಾಲಿಡೋನಿಯದ ಅತಿಥಿಯೆಂದು ಕರೆದ ಅರಕೇರಿಯದ ಬಂಧುಗಳು ಆಗ ಭಾರತದ ನೆಲದಲ್ಲಿಯೂ ಬೆಳೆದಿದ್ದುವು. ರಾಜಮಹಲ್ ಬೆಟ್ಟಗಳಲ್ಲಿ ಅವುಗಳ ಶಿಲಾರೂಪದ ಅವಶೇಷಗಳು ದೊರೆತಿವೆ. ಬಳಿಕ ಖಂಡಗಳು ಅಗಲಿದುವು. ಇಲ್ಲಿ ಆ ಕುಲ ನಶಿಸಿತು. ದೂರದ ದ್ವೀಪಗಳಲ್ಲಿ ಉಳಿಯಿತು. ಹಡಗ ಹತ್ತಿ ಬಂದ ಅರಕೇರಿಯ ಸಸಿಯನ್ನು ಹೊಸಬನೆಂದು ಕರೆದವರಿಗೆ, ಅದು ತನ್ನ ಹಿರಿಯರ ನೆಲಕ್ಕೇ ಮರಳಿತೆಂಬುದು ತಿಳಿದಿರಲಿಲ್ಲ.

ನಮ್ಮ ಶ್ರೋತೃಗಳು ಮುಂದೆ ಲಾಲ್‌ಬಾಗಿಗೆ ಹೋದಾಗ ಎಲ್ಲವನ್ನೂ ನೋಡಿಬಿಡುವ ಆತುರವನ್ನು ಬಿಟ್ಟು, ಒಂದೇ ಒಂದು ಮರದ ಬಳಿ ನಿಂತು ಅದರ ಹೆಸರಿನ ಹಲಗೆಯನ್ನು ಓದಲಿ. ಮಕ್ಕಳಿಗೆ ಅದರ ತೌರನ್ನು ಭೂಪಟದಲ್ಲಿ ತೋರಿಸಲಿ. ಅದರ ತೊಗಟೆಯ ಮೇಲೆ ತಮ್ಮ ಹೆಸರನ್ನು ಕೆತ್ತದಿರಲಿ. ಇನ್ನೂರು ವರ್ಷ ಅದನ್ನು ಸಾಕಿದವರೇ ತಮ್ಮ ಹೆಸರನ್ನು ಅಲ್ಲಿ ಬರೆಯಲಿಲ್ಲ.